ನೋವುಂಡವರು ಮಾತಾಡುವಾಗ: ಸಂಸ್ಥೆಗಳೊಳಗಿನ ದೌರ್ಜನ್ಯದ ಸಾಕ್ಷ್ಯಚಿತ್ರ ಸರಣಿ ನೋಡುವ ಬಗೆ

ಅನಾಥಾಲಯ, ವಸತಿ ಶಾಲೆ, ಮಾನಸಿಕ ಆಸ್ಪತ್ರೆ, ಧಾರ್ಮಿಕ ಸಂಸ್ಥೆ, ಕ್ರೀಡಾ ಶಿಬಿರ. ಇಂಥ ಜಾಗಗಳಲ್ಲಿ ಮಕ್ಕಳಾಗಿದ್ದಾಗ ಹಿಂಸೆ ಅನುಭವಿಸಿದವರು, ದೊಡ್ಡವರಾದ ಮೇಲೆ ಕ್ಯಾಮೆರಾ ಮುಂದೆ ಕೂತು ಮಾತಾಡುವ ಸಾಕ್ಷ್ಯಚಿತ್ರ ಸರಣಿಗಳು ಈಗ ಬೇಕಾದಷ್ಟಿವೆ. ನೋಡಬೇಕು ಅನ್ನಿಸುತ್ತದೆ, ನೋಡಲು ಹೆದರಿಕೆಯೂ ಆಗುತ್ತದೆ. ಕೆಲವರು ಮೊದಲ ಕಂತಿನ ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಒಂದೇ ರಾತ್ರಿ ಎಲ್ಲಾ ಕಂತು ಮುಗಿಸುತ್ತಾರೆ. ಮಾರನೇ ದಿನ ಯಾರು ಏನು ಹೇಳಿದರು ಅನ್ನುವುದು ನೆನಪಿರುವುದಿಲ್ಲ, ಎದೆ ಮಾತ್ರ ಭಾರವಾಗಿರುತ್ತದೆ.

ವರ್ಷಗಟ್ಟಲೆ ಬಾಯಿ ಬಿಡಲಾಗದವರು ಕೊನೆಗೂ ಮಾತಾಡಿದ್ದಾರೆ. ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು ನೋಡುವವರ ಕೆಲಸ. ಅದಕ್ಕೆ ಸ್ವಲ್ಪ ತಯಾರಿ ಬೇಕು, ತಾಳ್ಮೆ ಬೇಕು, ನಮ್ಮ ಮನಸ್ಸನ್ನು ಕಾಪಾಡಿಕೊಳ್ಳುವುದೂ ಗೊತ್ತಿರಬೇಕು. ಈ ಲೇಖನ ಬರೆದಿರುವುದು ಅದಕ್ಕೇ.

ಹೆಜ್ಜೆ 1: ನೋಡಬೇಕೇ ಅಂತ ಮೊದಲು ಕೇಳಿಕೊಳ್ಳಿ

ಇಂಥದ್ದನ್ನು ನೋಡಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ನಿಮ್ಮ ಬಾಲ್ಯದಲ್ಲೂ ಇಂಥದ್ದೇ ಏನಾದರೂ ನಡೆದಿದ್ದರೆ ಈ ಪ್ರಶ್ನೆ ಇನ್ನೂ ಮುಖ್ಯ. ಎಲ್ಲರೂ ನೋಡುತ್ತಿದ್ದಾರೆ, ನಾನೂ ನೋಡದಿದ್ದರೆ ಹೇಗೆ ಅನ್ನುವ ಒತ್ತಡಕ್ಕೆ ಬೀಳಬೇಡಿ. ನೋಡದೆ ಇರುವುದರಿಂದ ನೀವು ಯಾರಿಗೂ ದ್ರೋಹ ಮಾಡಿದ ಹಾಗಾಗುವುದಿಲ್ಲ. ಈಗ ಬೇಡ ಅನ್ನಿಸಿದರೆ ಮುಂದೆ ಯಾವಾಗಲಾದರೂ ನೋಡಬಹುದು. ಯಾವತ್ತೂ ನೋಡದೆ ಇದ್ದರೂ ಸರಿಯೇ.

ನೋಡುವುದು ಅಂತ ತೀರ್ಮಾನ ಮಾಡಿದರೆ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ ಮೊದಲೇ ತಿಳಿಸಿ. "ಈ ವಾರ ಇಂಥದ್ದೊಂದು ನೋಡ್ತಿದ್ದೀನಿ, ಮಧ್ಯ ಫೋನ್ ಮಾಡಬಹುದು" ಅಂದರೆ ಸಾಕು. ಆಪ್ತ ಸಮಾಲೋಚಕರ ಹತ್ತಿರ ಹೋಗುತ್ತಿರುವವರು ಅವರನ್ನೂ ಒಂದು ಮಾತು ಕೇಳಿ. ನಿದ್ದೆ ಕೆಟ್ಟಿರುವ ದಿನಗಳಲ್ಲಿ, ಮನೆಯಲ್ಲಿ ಸಾವು ಆಗಿರುವ ಹೊತ್ತಿನಲ್ಲಿ, ಕೆಲಸದ ಒತ್ತಡ ತಲೆ ತಿನ್ನುತ್ತಿರುವಾಗ ಶುರು ಮಾಡಬೇಡಿ.

ಹೆಜ್ಜೆ 2: ಸ್ವಲ್ಪ ಹಿನ್ನೆಲೆ ಓದಿಕೊಳ್ಳಿ

ಹತ್ತು ಹದಿನೈದು ನಿಮಿಷ ಸಾಕು. ಸರಣಿ ಯಾವ ದೇಶದ್ದು, ಯಾವ ಕಾಲದ್ದು, ಆ ಸಂಸ್ಥೆಗಳನ್ನು ನಡೆಸಿದ್ದು ಯಾರು, ದುಡ್ಡು ಕೊಟ್ಟಿದ್ದು ಯಾರು, ಆಮೇಲೆ ಸರ್ಕಾರಿ ತನಿಖೆ ಆಯಿತೇ. ಇಷ್ಟು ಗೊತ್ತಿದ್ದರೆ ಹೆಸರು, ಇಸವಿಗಳ ಹಿಂದೆ ಓಡುವುದು ತಪ್ಪುತ್ತದೆ. ಗಮನವೆಲ್ಲ ಮಾತಾಡುತ್ತಿರುವವರ ಮೇಲೆ ಇರುತ್ತದೆ.

ಈ ಚರಿತ್ರೆ ಒಂದು ದೇಶದ್ದಲ್ಲ. ಕೆನಡಾದಲ್ಲಿ ಮೂಲನಿವಾಸಿ ಸಮುದಾಯಗಳ ಸುಮಾರು 1,50,000 ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಲಾಗಿತ್ತು. ದುಡ್ಡು ಸರ್ಕಾರದ್ದು, ಬಹುಪಾಲು ಶಾಲೆಗಳನ್ನು ನಡೆಸಿದ್ದು ಚರ್ಚುಗಳು. ಮಕ್ಕಳು ಅವರ ಮನೆಮಾತು ಆಡಿದರೆ ಶಿಕ್ಷೆ. ಎಷ್ಟೋ ಕಡೆ ಹೆಸರಿನ ಬದಲು ನಂಬರ್ ಹಿಡಿದು ಕರೆಯುತ್ತಿದ್ದರು. ಪ್ರಧಾನಿ ಕ್ಷಮೆ ಕೇಳಿದ್ದು 2008ರ ಜೂನ್ 11ರಂದು. ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ಮುಂದಿಟ್ಟಿತು. ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ತನಿಖೆಗೆ ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ ಆಯೋಗ, ಅಂದರೆ ರಾಯಲ್ ಕಮಿಷನ್, 2013ರಿಂದ 2017ರವರೆಗೆ ಕೆಲಸ ಮಾಡಿತು. 8,000ಕ್ಕೂ ಹೆಚ್ಚು ಜನರ ಮಾತನ್ನು ಖಾಸಗಿಯಾಗಿ ಕೇಳಿಸಿಕೊಂಡಿತು. ನ್ಯೂಜಿಲೆಂಡಿನ ತನಿಖಾ ಆಯೋಗದ ಅಂತಿಮ ವರದಿ ಹೊರಬಂದಿದ್ದು 2024ರ ಜುಲೈಯಲ್ಲಿ. ಅದರಲ್ಲಿ ಮಕ್ಕಳ ಪಾಲನಾ ಗೃಹಗಳ ಜತೆ ಮಾನಸಿಕ ಆಸ್ಪತ್ರೆಗಳು, ಅಂಗವಿಕಲರನ್ನು ಇಟ್ಟಿದ್ದ ಸಂಸ್ಥೆಗಳೂ ಇವೆ.

ಐರ್ಲೆಂಡಿನ ಕತೆಯನ್ನು ಸ್ವಲ್ಪ ಜಾಸ್ತಿ ಹೇಳಬೇಕು. ಟಿವಿಯಲ್ಲಿ ನೋಡಿ ಏನಾಗುತ್ತದೆ ಬಿಡಿ ಅನ್ನುವವರಿಗೆ ಅದೇ ಉತ್ತರ. 1999ರಲ್ಲಿ ಅಲ್ಲಿನ ರಾಷ್ಟ್ರೀಯ ಟಿವಿಯಲ್ಲಿ ಪತ್ರಕರ್ತೆ ಮೇರಿ ರಾಫ್ಟರಿ ಮಾಡಿದ ಮೂರು ಕಂತಿನ ಸರಣಿ ಪ್ರಸಾರವಾಯಿತು. ಧಾರ್ಮಿಕ ಸಂಘಗಳು ನಡೆಸುತ್ತಿದ್ದ ಇಂಡಸ್ಟ್ರಿಯಲ್ ಸ್ಕೂಲುಗಳಲ್ಲಿ, ಅಂದರೆ ಬಡ, ಅನಾಥ ಮಕ್ಕಳನ್ನು ಇಡುತ್ತಿದ್ದ ವಸತಿ ಶಾಲೆಗಳಲ್ಲಿ, ಬೆಳೆದವರು ಅದರಲ್ಲಿ ಮಾತಾಡಿದ್ದರು. ಕೊನೆಯ ಕಂತು ಪ್ರಸಾರವಾದ ದಿನವೇ, ಅಂದರೆ ಮೇ 11ರಂದು, ಪ್ರಧಾನಿ ಬರ್ಟಿ ಅಹರ್ನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ತನಿಖಾ ಆಯೋಗ ಬಂತು. 2009ರ ಮೇ ತಿಂಗಳಲ್ಲಿ ಅದರ ವರದಿ, ಅಂದರೆ ರಯಾನ್ ವರದಿ, ಐದು ಸಂಪುಟಗಳಲ್ಲಿ ಹೊರಬಂತು. ಜನ ಸುಮ್ನೆ ನೋಡಿ ಟಿವಿ ಆರಿಸಿ ಮಲಗಿದ್ದರೆ ಇದು ಆಗುತ್ತಿರಲಿಲ್ಲ.

ಹಿನ್ನೆಲೆ ಓದುವಾಗಲೇ ಸರಣಿಯ ವಿವರಣೆಯಲ್ಲಿರುವ ಎಚ್ಚರಿಕೆಯನ್ನೂ ಓದಿ. ಲೈಂಗಿಕ ದೌರ್ಜನ್ಯದ ವಿವರ ಇದೆಯೇ, ಆತ್ಮಹತ್ಯೆಯ ಪ್ರಸ್ತಾಪ ಇದೆಯೇ, ಘಟನೆಗಳನ್ನು ನಟರಿಂದ ಮಾಡಿಸಿ ತೋರಿಸಿದ್ದಾರೆಯೇ ಅಂತ ನೋಡಿಕೊಳ್ಳಿ.

ಹೆಜ್ಜೆ 3: ಜಾಗ, ಹೊತ್ತು, ಸೆಟ್ಟಿಂಗ್

ಒಂದು ಸಲ ಕೂತರೆ ಒಂದೇ ಕಂತು. ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮುಂದಿನ ಕಂತು ತಾನಾಗೇ ಶುರುವಾಗುವ ಆಟೋಪ್ಲೇ ಸೆಟ್ಟಿಂಗನ್ನು ಮೊದಲೇ ಆಫ್ ಮಾಡಿ. ಕಂತಿನ ಕೊನೆಯಲ್ಲಿ ಒಬ್ಬರು ಮಾತು ನಿಲ್ಲಿಸಿ ಕಣ್ಣು ಒರೆಸಿಕೊಂಡಿರುತ್ತಾರೆ. ಐದು ಸೆಕೆಂಡಿನಲ್ಲಿ ಮುಂದಿನದರ ಸಂಗೀತ ಶುರುವಾದರೆ ಅವರ ಮಾತು ಅಲ್ಲೇ ಮುಚ್ಚಿಹೋಗುತ್ತದೆ. ಕೆಲವು ಸರಣಿಗಳನ್ನು ಕುತೂಹಲ ಉಳಿಯುವಂತೆ ಕತ್ತರಿಸಿರುತ್ತಾರೆ. ಆ ಸೆಳೆತಕ್ಕೆ ಬೀಳಬೇಡಿ.

ರಾತ್ರಿ ಮಲಗುವ ಮುಂಚೆ ಬೇಡ. ಸಂಜೆ ಬೆಳಕಿರುವಾಗ ಅಥವಾ ರಜೆಯ ದಿನ ಬೆಳಗ್ಗೆ ಒಳ್ಳೆಯದು. ನೋಡಿದ ಮೇಲೆ ಒಂದು ಗಂಟೆಯಾದರೂ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಬಸ್ಸಿನಲ್ಲಿ, ಊಟ ಮಾಡುತ್ತಾ, ಇನ್ನೊಂದು ಕಡೆ ಮೆಸೇಜ್ ನೋಡುತ್ತಾ ನೋಡುವ ವಿಷಯ ಇದಲ್ಲ.

ಡಬ್ ಆದ ಧ್ವನಿಯೂ ಇದೆ, ಮೂಲ ಧ್ವನಿಯೂ ಇದೆ ಅಂದರೆ ಮೂಲ ಧ್ವನಿಯನ್ನೇ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಧ್ವನಿ ಎಲ್ಲಿ ನಡುಗಿತು, ಎಲ್ಲಿ ಉಸಿರು ಹಿಡಿದರು, ಎಲ್ಲಿ ಸಣ್ಣಗೆ ನಕ್ಕರು ಅನ್ನುವುದು ಡಬ್ಬಿಂಗಿನಲ್ಲಿ ಹೊರಟುಹೋಗುತ್ತದೆ. ಭಾಷೆ ಗೊತ್ತಿದ್ದರೂ ಸಬ್‌ಟೈಟಲ್ ಇರಲಿ. ಇಂಥ ಮಾತುಗಳನ್ನು ಬಹಳಷ್ಟು ಜನ ಮೆಲ್ಲಗೇ ಹೇಳುತ್ತಾರೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹಾಲ್‌ನಲ್ಲಿ ಹಾಕಬೇಡಿ. ಅವರು ಆಟ ಆಡುತ್ತಿದ್ದಾರೆ, ಅರ್ಥವಾಗುವುದಿಲ್ಲ ಅಂದುಕೊಳ್ಳುತ್ತೇವೆ. ಅವರ ಕಿವಿ ಇಲ್ಲೇ ಇರುತ್ತದೆ. ಹದಿಹರೆಯದ ಮಕ್ಕಳು ನೋಡಬೇಕು ಅಂದರೆ ವಯಸ್ಸಿನ ಸೂಚನೆ ನೋಡಿ, ಮೊದಲು ನೀವು ನೋಡಿ, ಆಮೇಲೆ ಅವರ ಜತೆ ಕೂರಿ.

ಹೆಜ್ಜೆ 4: ಕೇಳಿಸಿಕೊಳ್ಳುವುದು

ನೋವುಂಡವರು ಹೀಗೇ ಇರಬೇಕು ಅಂತ ನಮ್ಮೆಲ್ಲರ ತಲೆಯಲ್ಲೂ ಒಂದು ಚಿತ್ರ ಇರುತ್ತದೆ. ಅಳಬೇಕು, ಕ್ರಮವಾಗಿ ಹೇಳಬೇಕು, ದಿನಾಂಕ ಸಮೇತ ನೆನಪಿರಬೇಕು, ಆಗಲೇ ಯಾರಿಗಾದರೂ ಹೇಳಿರಬೇಕು. ಪರದೆಯ ಮೇಲೆ ಕಾಣುವವರು ಈ ಚಿತ್ರಕ್ಕೆ ಹೊಂದುವುದೇ ಇಲ್ಲ. ಅಲ್ಲೇ ನಮ್ಮೊಳಗೆ ಅನುಮಾನ ಹುಟ್ಟುವುದು.

ಒಬ್ಬರು ತೀರಾ ನಿರ್ವಿಕಾರವಾಗಿ, ಬೇರೆ ಯಾರದೋ ಕತೆ ಓದುತ್ತಿರುವ ಹಾಗೆ ಮಾತಾಡುತ್ತಾರೆ. ಭಾವನೆಯನ್ನು ದೂರ ಇಟ್ಟರೆ ಮಾತ್ರ ಅವರಿಗೆ ಆ ಮಾತು ಹೇಳಲು ಸಾಧ್ಯ. ಇನ್ನೊಬ್ಬರು ಕೆಟ್ಟ ಘಟನೆಯ ಮಧ್ಯೆ ನಗುತ್ತಾರೆ. ಮತ್ತೊಬ್ಬರಿಗೆ ಇಸವಿ ನೆನಪಿಲ್ಲ, ಹಿಂದೆ ಮುಂದೆ ಆಗುತ್ತದೆ. ಆದರೆ ಕಾರಿಡಾರಿನಲ್ಲಿ ಬೀಗದ ಕೈ ಗೊಂಚಲಿನ ಸದ್ದು ಹತ್ತಿರ ಬರುತ್ತಿದ್ದದ್ದು, ನೆಲಕ್ಕೆ ಹಾಕುತ್ತಿದ್ದ ಪಾಲಿಶಿನ ವಾಸನೆ ಇಂದಿಗೂ ಹಾಗೇ ಇದೆ. ಆಘಾತದ ನೆನಪು ಹೀಗೇ ಚೂರುಚೂರಾಗಿ ಕೂರುತ್ತದೆ. ಹೆದರಿದ ಮಗು ಕ್ಯಾಲೆಂಡರ್ ನೋಡುವುದಿಲ್ಲ, ಕಾಲ ಸಪ್ಪಳ ಕೇಳಿಸಿಕೊಳ್ಳುತ್ತದೆ. ದಿನಾಂಕ ತಪ್ಪಿತು ಅಂದ ಮಾತ್ರಕ್ಕೆ ಘಟನೆಯೇ ಸುಳ್ಳು ಅನ್ನಬೇಡಿ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದರು? ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಆಸ್ಟ್ರೇಲಿಯಾದ ಆಯೋಗದ ಮುಂದೆ ಖಾಸಗಿಯಾಗಿ ಮಾತಾಡಿದವರು, ಬಾಲ್ಯದಲ್ಲಿ ನಡೆದ ಲೈಂಗಿಕ ದೌರ್ಜನ್ಯವನ್ನು ಯಾರಿಗಾದರೂ ಮೊದಲ ಸಲ ಹೇಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು. ಅಂದರೆ ತಡವಾಗಿ ಹೇಳುವುದೇ ಹೆಚ್ಚು ಕಂಡುಬರುವ ಸಂಗತಿ. ಕಾರಣಗಳನ್ನು ಅವರ ಮಾತಲ್ಲೇ ಹುಡುಕಿ. ಹೇಳಿದಾಗ ಹೊಡೆತ ತಿಂದವರಿದ್ದಾರೆ. ಓಡಿಹೋದಾಗ ಪೊಲೀಸರೇ ಹಿಡಿದು ವಾಪಸ್ ಬಿಟ್ಟವರಿದ್ದಾರೆ. ತಂದೆತಾಯಿಯೇ ನಂಬದೆ ಇದ್ದವರಿದ್ದಾರೆ. ಇದು ತಪ್ಪು ಅಂತ ಹೇಳಲು ಪದಗಳೇ ಇಲ್ಲದ ವಯಸ್ಸಿನವರಿದ್ದರು. ಹಿಂಸೆ ಕೊಟ್ಟವರೇ ಊರಿನಲ್ಲಿ ಎಲ್ಲರಿಂದ ಕೈಮುಗಿಸಿಕೊಳ್ಳುತ್ತಿದ್ದರೆ ಮಗು ಹೋಗಿ ಹೇಳುವುದಾದರೂ ಯಾರ ಹತ್ತಿರ?

ನನ್ನ ಮನಸ್ಸಿನಲ್ಲಿ ಉಳಿಯುವುದು ಇಂಥ ಸರಣಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ದೃಶ್ಯ. ವಯಸ್ಸಾದ ಒಬ್ಬರು ಕಷ್ಟಪಟ್ಟು ಪಡೆದ ಹಳೇ ಕಡತವನ್ನು ಮೇಜಿನ ಮೇಲೆ ಬಿಚ್ಚುತ್ತಾರೆ. ಅದು ಅವರದೇ ಬಾಲ್ಯದ ದಾಖಲೆ. ಅರ್ಧ ಸಾಲುಗಳ ಮೇಲೆ ಕಪ್ಪು ಪಟ್ಟಿ ಎಳೆದಿರುತ್ತಾರೆ. ಉಳಿದ ಸಾಲುಗಳಲ್ಲಿ ಇವರ ಸ್ವಭಾವದ ಬಗ್ಗೆ ಎರಡು ಕೆಟ್ಟ ಮಾತು, ತೂಕ, ಎತ್ತರ. ಅವರು ಆ ಕಪ್ಪು ಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ. ಹೆತ್ತವರು ಯಾರು, ತಮ್ಮ ತಂಗಿಯರು ಎಲ್ಲಿಗೆ ಹೋದರು ಅನ್ನುವ ಉತ್ತರ ಆ ಪಟ್ಟಿಯ ಕೆಳಗೇ ಇರಬಹುದು. ಇಂಥ ಕಡೆ ಬೇಕಾದರೆ ನಿಲ್ಲಿಸಿ. ಬೆರಳು, ಕಾಗದ, ಮುಖ ನೋಡಿ. ಹಿಂಸೆಯ ವಿವರಕ್ಕಿಂತ ಇದು ಹೆಚ್ಚು ಹೇಳುತ್ತದೆ.

ಹೆಜ್ಜೆ 5: ಸಂಸ್ಥೆಯ ಮೇಲೂ ಒಂದು ಕಣ್ಣಿರಲಿ

ಒಬ್ಬ ಕ್ರೂರಿಯ ಮೇಲೆ ಕೋಪ ಬರುವುದು ಸಹಜ. ಆದರೆ ಒಬ್ಬನೇ ವರ್ಷಗಟ್ಟಲೆ ಇದನ್ನು ನಡೆಸಲು ಆಗುವುದಿಲ್ಲ. ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟುಕೊಂಡು ಕೆಲವು ವಿಷಯ ಗುರುತು ಹಾಕಿಕೊಳ್ಳಿ. ಮೊದಲ ದೂರು ಬಂದಿದ್ದು ಯಾವಾಗ? ಅದು ಯಾರ ಮೇಜಿಗೆ ಹೋಯಿತು? ಆರೋಪ ಬಂದವನನ್ನು ತೆಗೆದುಹಾಕಿದರೋ, ಇನ್ನೊಂದು ಊರಿಗೆ ವರ್ಗ ಮಾಡಿದರೋ? ತಪಾಸಣೆಗೆ ಅಧಿಕಾರಿಗಳು ಬರುವುದು ಮೊದಲೇ ಗೊತ್ತಿತ್ತೇ? ಅವರು ಮಕ್ಕಳ ಜತೆ ಒಂಟಿಯಾಗಿ ಮಾತಾಡಿದರೇ?

ಹೀಗೆ ಬರೆದುಕೊಂಡರೆ ಬೇರೆ ಬೇರೆ ದೇಶದ ಸರಣಿಗಳಲ್ಲೂ ಒಂದೇ ಜಾಡು ಕಾಣುತ್ತದೆ. ಮುಚ್ಚಿದ ಗೇಟು, ಪ್ರಶ್ನಿಸಲಾಗದ ಅಧಿಕಾರ, ಬಡವರ ಅಥವಾ ಅಂಚಿನಲ್ಲಿರುವವರ ಮಕ್ಕಳು, ಮತ್ತೆ ಸಂಸ್ಥೆಯ ಹೆಸರು ಕೆಡಬಾರದು ಅನ್ನುವ ಹಟ.

ಕ್ಷಮಾಪಣೆ ಓದುವ ದೃಶ್ಯ ಬಂದರೆ ಪದ ಪದವಾಗಿ ಕೇಳಿ. "ಯಾರಿಗಾದರೂ ನೋವಾಗಿದ್ದರೆ" ಅಂತ ಶುರುವಾಗುವ ಮಾತಿಗೂ, "ಇದು ನಡೆಯಿತು, ನಾವು ತಡೆಯಲಿಲ್ಲ" ಅನ್ನುವ ಮಾತಿಗೂ ಬಹಳ ಅಂತರ ಇದೆ. ಪರಿಹಾರದ ಷರತ್ತುಗಳನ್ನೂ ಗಮನಿಸಿ. ಐರ್ಲೆಂಡಿನಲ್ಲಿ 2002ರ ಕಾಯ್ದೆಯಡಿ ಪರಿಹಾರ ಪಡೆದವರು ಆ ಬಗ್ಗೆ ಬಹಿರಂಗವಾಗಿ ಮಾತಾಡಿದರೆ ಅಪರಾಧವಾಗುತ್ತಿತ್ತು. ಬಾಯಿ ಮುಚ್ಚಿಸಿಕೊಂಡು ಬೆಳೆದವರಿಗೆ ಮತ್ತೆ ಬಾಯಿ ಮುಚ್ಚಿ ಅಂದ ಹಾಗೆ ಅಲ್ವಾ ಇದು? ತಡವಾಯಿತು ಅನ್ನುವ ಕಾರಣಕ್ಕೇ ದಾವೆ ಬಿದ್ದುಹೋಗುವ ಕಾಲಮಿತಿ ನಿಯಮ ಇನ್ನೊಂದು ಅಡ್ಡಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2015ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಪರಿಹಾರ ದಾವೆಗಳಿಗೆ ಈ ಮಿತಿಯನ್ನು ತೆಗೆದುಹಾಕಿತು. ನೀವು ನೋಡುತ್ತಿರುವ ಕಡೆ ಆ ನಿಯಮ ಏನಾಗಿದೆ ಅಂತ ಹುಡುಕಿ ನೋಡಿ.

ಹೆಜ್ಜೆ 6: ಮೈ ಏನು ಹೇಳುತ್ತಿದೆ

ಅಳು ಬಂದರೆ ಅಳಿ. ದುಃಖ, ಕೋಪ ಎರಡೂ ಆರೋಗ್ಯಕರ. ಆದರೆ ಕೈಕಾಲು ತಣ್ಣಗಾಗುವುದು, ಉಸಿರು ಮೇಲೆ ಮೇಲೇ ಆಡುವುದು, ಕೋಣೆ ದೂರವಾದ ಹಾಗನ್ನಿಸುವುದು, ಪರದೆಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದೆ ಇರುವುದು, ಇವೆಲ್ಲ ನಿಲ್ಲಿಸಿ ಅನ್ನುವ ಸೂಚನೆ.

ಪಾಜ್ ಒತ್ತಿ. ಎರಡೂ ಪಾದ ನೆಲಕ್ಕೆ ಊರಿ. ಸುತ್ತ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಕೇಳಿಸುವ ಮೂರು ಸದ್ದು ಗುರುತಿಸಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಮುಖಕ್ಕೆ ತಣ್ಣೀರು ಹಾಕಿ, ಕಿಟಕಿ ತೆರೆಯಿರಿ. ಐದು ನಿಮಿಷದಲ್ಲಿ ತಿಳಿಯಾದರೆ ಮುಂದುವರಿಸಬಹುದು. ಇಲ್ಲವಾದರೆ ಇವತ್ತಿಗೆ ಸಾಕು. ಒಂದು ಭಾಗವನ್ನು ಹಾರಿಸಿಕೊಂಡು ಹೋದರೂ ತಪ್ಪಿಲ್ಲ. ಜಾಸ್ತಿ ನೋಡಿದರೆ ಅಭ್ಯಾಸವಾಗುತ್ತದೆ ಅನ್ನುವ ಲೆಕ್ಕ ಮಾತ್ರ ಹಾಕಬೇಡಿ. ಅಭ್ಯಾಸವಾದ ಹಾಗೆ ಅನ್ನಿಸುವುದು ಬಹಳ ಸಲ ಮರಗಟ್ಟಿರುವುದು.

ಕಂತು ಮುಗಿದ ಮೇಲೆ ತಕ್ಷಣ ಫೋನ್ ಎತ್ತಿಕೊಳ್ಳಬೇಡಿ. ಸ್ವಲ್ಪ ನಡೆದುಬನ್ನಿ, ಸ್ನಾನ ಮಾಡಿ, ಕೈಗೆ ಕೆಲಸ ಕೊಡಿ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ದೃಶ್ಯಗಳು ಕಣ್ಣೆದುರೇ ಬರುತ್ತಿವೆ, ಹಳೆಯ ನೆನಪು ಕೆದರಿದೆ ಅಂದರೆ ವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ಬದುಕುವುದೇ ಬೇಡ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಸಹಾಯವಾಣಿಗೋ ಹತ್ತಿರದವರಿಗೋ ಫೋನ್ ಮಾಡಿ.

ಹೆಜ್ಜೆ 7: ಪಕ್ಕದಲ್ಲಿ ಕೂತವರು ಬಾಯಿ ಬಿಟ್ಟರೆ

ಇದಕ್ಕೆ ಯಾರೂ ತಯಾರಿರುವುದಿಲ್ಲ. ಜತೆಯಲ್ಲಿ ನೋಡುತ್ತಿದ್ದ ಗೆಳತಿ, ಅಣ್ಣ, ಗಂಡ ಅಥವಾ ಅಮ್ಮ ಪರದೆಯಿಂದ ಕಣ್ಣು ತೆಗೆಯದೆ "ನನಗೂ ಹೀಗೇ ಆಗಿತ್ತು" ಅನ್ನಬಹುದು. ಆ ಹೊತ್ತಿನಲ್ಲಿ ನೀವು ಆಡುವ ಮೊದಲ ಮಾತು ಅವರಿಗೆ ಬಹಳ ದಿನ ನೆನಪಿರುತ್ತದೆ.

ಟಿವಿ ನಿಲ್ಲಿಸಿ. ಅವರ ಕಡೆ ತಿರುಗಿ. ತಬ್ಬಿಕೊಳ್ಳುವ ಮುಂಚೆ ಕೇಳಿ, ಎಲ್ಲರಿಗೂ ಆಗ ಮುಟ್ಟುವುದು ಹಿಡಿಸುವುದಿಲ್ಲ. ದೊಡ್ಡ ಮಾತು ಬೇಡ. "ನೀನು ಹೇಳಿದ್ದನ್ನ ನಾನು ನಂಬ್ತೀನಿ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ. ಎಷ್ಟು ಹೇಳ್ಬೇಕು ಅನ್ನಿಸುತ್ತೋ ಅಷ್ಟೇ ಹೇಳು, ನಾನಿಲ್ಲೇ ಇದ್ದೀನಿ." ಇಷ್ಟು ಸಾಕು. ಆಮೇಲೆ ಸುಮ್ಮನೆ ಕೇಳಿ. ಮೌನ ಉದ್ದವಾದರೆ ಅದನ್ನು ತುಂಬಲು ಹೋಗಬೇಡಿ.

"ಆಗಲೇ ಯಾಕೆ ಹೇಳಲಿಲ್ಲ?" ಬೇಡ. "ಯಾರು? ಎಲ್ಲಿ? ಎಷ್ಟು ಸಲ?" ಅಂತ ವಿಚಾರಣೆ ಬೇಡ. "ಹಳೇದು, ಮರೆತುಬಿಡು" ಬೇಡ. "ನಾಳೆಯೇ ಹೋಗಿ ಅವನನ್ನು ನೋಡ್ಕೋತೀನಿ" ಅಂತ ಕೂಗಾಡುವುದಂತೂ ಬೇಡವೇ ಬೇಡ. ಆಗ ನೋವುಂಡವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಮುಂದೆ ದೂರು ಕೊಡಬೇಕೋ ಬೇಡವೋ, ಯಾರಿಗೆ ಹೇಳಬೇಕು ಅನ್ನುವುದು ದೊಡ್ಡವರ ವಿಷಯದಲ್ಲಿ ಅವರದೇ ತೀರ್ಮಾನ. ನಿಮಗೆ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಮನೆಯ ಇನ್ನೊಬ್ಬರಿಗೂ ಹೇಳಬೇಡಿ. ಮಾರನೇ ದಿನ ಒಂದು ಸಲ "ಹೇಗಿದ್ದೀಯ?" ಅಂತ ಕೇಳಿ. ಹೇಳಿಕೊಂಡ ಮೇಲೆ ಯಾಕಾದರೂ ಹೇಳಿದೆನೋ ಅನ್ನುವ ಭಯ ಬರುವುದು ಆಗಲೇ.

ಹೇಳುತ್ತಿರುವುದು ಮಗುವಾಗಿದ್ದರೆ, ಅಥವಾ ಈಗಲೂ ಯಾವುದೋ ಮಗು ಅಪಾಯದಲ್ಲಿದೆ ಅಂತ ತಿಳಿದರೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. "ನಿನ್ನನ್ನ ಕಾಪಾಡೋದಕ್ಕೆ ಇದನ್ನ ಒಬ್ಬಿಬ್ಬರಿಗೆ ಹೇಳಲೇಬೇಕು" ಅಂತ ನಿಜ ಹೇಳಿ. ಅವತ್ತೇ ಮಕ್ಕಳ ರಕ್ಷಣಾ ವ್ಯವಸ್ಥೆಗೋ ಪೊಲೀಸರಿಗೋ ತಿಳಿಸಿ.

ಹೆಜ್ಜೆ 8: ಸರಣಿಯನ್ನೂ ಪ್ರಶ್ನಿಸಿ

ಒಳ್ಳೆಯ ಉದ್ದೇಶದಿಂದ ಮಾಡಿದ ಚಿತ್ರವೂ ನೋವುಂಡವರನ್ನು ಬಳಸಿಕೊಂಡುಬಿಡಬಹುದು. ಅಳು ಬರುವ ತನಕ ಕ್ಯಾಮೆರಾ ಮುಖದ ಹತ್ತಿರವೇ ನಿಂತಿದೆಯೇ? ಹಿಂಸೆಯನ್ನು ನಟರಿಂದ ಮಾಡಿಸಿ, ಅದರ ಮೇಲೆ ಭಯದ ಸಂಗೀತ ಹಾಕಿದ್ದಾರೆಯೇ? ಅವರ ಬದುಕಿನಲ್ಲಿ ಆಮೇಲೆ ಬಂದದ್ದು, ಕೆಲಸ, ಮಕ್ಕಳು, ಹೋರಾಟ, ನಗು, ಯಾವುದಕ್ಕಾದರೂ ಜಾಗ ಇದೆಯೇ? ಅಪರಾಧಿಯ ಮನಸ್ಸನ್ನು ಬಿಡಿಸಿ ತೋರಿಸಲು ಹೋಗಿ ಅವನನ್ನೇ ಕಥಾನಾಯಕ ಮಾಡಿಲ್ಲ ತಾನೇ? ಆರೋಪ ಹೊತ್ತ ಸಂಸ್ಥೆಯ ಉತ್ತರವನ್ನು ಕೇಳಿ ಹಾಕಿದ್ದಾರೆಯೇ?

ಇವಕ್ಕೆ ಉತ್ತರ ತೃಪ್ತಿ ಕೊಡದಿದ್ದರೆ ಸರಣಿ ಬಿಟ್ಟುಬಿಡಿ. ಅದೇ ವಿಷಯದ ಬೇರೆ, ಹೆಚ್ಚು ಮರ್ಯಾದೆಯಿಂದ ಮಾಡಿದ ಚಿತ್ರ ಇರುತ್ತದೆ.

ಹೆಜ್ಜೆ 9: ಮುಗಿದ ಮೇಲೆ

ಮಾತಾಡಿದವರನ್ನು ಜಾಲತಾಣದಲ್ಲಿ ಹುಡುಕಿ ಸಂದೇಶ ಕಳಿಸಬೇಡಿ, ಪ್ರೀತಿಯಿಂದ ಕಳಿಸಿದರೂ ಅವರಿಗೆ ಅದು ಹೊರೆ. ಅಳುವ ದೃಶ್ಯದ ತುಣುಕನ್ನು ಕತ್ತರಿಸಿ ಗ್ರೂಪಿಗೆ ಹಾಕಬೇಡಿ. ಆ ಗ್ರೂಪಿನಲ್ಲೇ ಯಾರಿಗೋ ಅದು ಮುನ್ನೆಚ್ಚರಿಕೆ ಇಲ್ಲದೆ ತಾಗುತ್ತದೆ. ಸರಣಿಯ ಹೆಸರು, ಅದರಲ್ಲಿ ಏನಿದೆ ಅನ್ನುವ ಒಂದು ಸಾಲು ಬರೆದರೆ ಸಾಕು.

ಇನ್ನೂ ತಿಳಿಯಬೇಕು ಅನ್ನಿಸಿದರೆ ತನಿಖಾ ವರದಿಗಳನ್ನು ಓದಿ. ಮೇಲೆ ಹೇಳಿದ ಆಯೋಗಗಳ ವರದಿಗಳು ಸಾರ್ವಜನಿಕವಾಗಿವೆ. ಪೂರ್ತಿ ಓದುವುದು ಕಷ್ಟ, ಸಾರಾಂಶ ಮತ್ತು ಶಿಫಾರಸುಗಳ ಭಾಗ ಓದಿ. ಎಷ್ಟು ಶಿಫಾರಸು ಜಾರಿಯಾಗಿದೆ ಅಂತಲೂ ನೋಡಿ. ನೋವುಂಡವರೇ ಕಟ್ಟಿಕೊಂಡ ಸಂಘಟನೆಗಳಿದ್ದರೆ, ಅವರು ಏನು ಬೇಕು ಅನ್ನುತ್ತಿದ್ದಾರೋ ಅದಕ್ಕೇ ನೆರವಾಗಿ. ದುಡ್ಡು ಬೇಕು ಅಂದರೆ ದುಡ್ಡು, ಸಹಿ ಬೇಕು ಅಂದರೆ ಸಹಿ.

ಕೊನೆಯ ಕೆಲಸ ನಿಮ್ಮ ಹತ್ತಿರದ್ದು. ನಿಮ್ಮ ಮಗುವೋ, ಪರಿಚಯದ ಮಗುವೋ ಹೋಗುವ ಶಾಲೆ, ಹಾಸ್ಟೆಲ್, ತರಬೇತಿ ಶಿಬಿರದಲ್ಲಿ ಈ ಪ್ರಶ್ನೆಗಳನ್ನು ಕೇಳಿ. ಮಗುವಿನ ಜತೆ ದೊಡ್ಡವರು ಬಾಗಿಲು ಹಾಕಿಕೊಂಡು ಒಂಟಿಯಾಗಿರುವ ಸಂದರ್ಭ ಬರುತ್ತದೆಯೇ? ಸಿಬ್ಬಂದಿಯನ್ನು ತೆಗೆದುಕೊಳ್ಳುವ ಮುಂಚೆ ಹಿಂದಿನ ಕೆಲಸದ ಕಡೆ ವಿಚಾರಿಸುತ್ತೀರಾ? ಮಗುವಿಗೆ ದೂರು ಹೇಳಬೇಕು ಅನ್ನಿಸಿದರೆ ಸಂಸ್ಥೆಯ ಹೊರಗಿನವರು ಯಾರಾದರೂ ಸಿಗುತ್ತಾರೆಯೇ, ಅವರ ನಂಬರ್ ಮಗುವಿಗೆ ಗೊತ್ತಿದೆಯೇ? ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ? ಕಳೆದ ಸಲ ದೂರು ಬಂದಾಗ ಏನು ಮಾಡಿದಿರಿ? ಉತ್ತರವನ್ನು ಬರಹದಲ್ಲಿ ಕೇಳಿ. "ನಮ್ಮಲ್ಲಿ ಅಂಥದ್ದೆಲ್ಲ ನಡೆಯಲ್ಲ" ಅಂತಷ್ಟೇ ಅಂದರೆ, ಅದೇ ಪ್ರಶ್ನೆಗಳನ್ನು ಮುಂದಿನ ಪೋಷಕರ ಸಭೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಕೇಳಿ.